ಮಗಳಿಗೆ ಫುಲ್ ಸೈಜ್ ಪಿಟೀಲು, ತಮ್ಮನಿಗೆ ವಯೋಲಾ ಆಸೆ: ಏನು ನೋಡಿ ತಗೋಬೇಕು? (ತುಮಕೂರು)

ಎಸ್.ಎಸ್.ಪುರಂ ಅಮ್ಮ

ಎಲ್ಲರಿಗೂ ನಮಸ್ಕಾರ. ಮಗಳಿಗೆ ಹನ್ನೊಂದು ತುಂಬಿದೆ. ಮುಕ್ಕಾಲು ಸೈಜಿನ ಪಿಟೀಲಿನಲ್ಲೇ ಸಂಗೀತದ ಜೂನಿಯರ್ ಪರೀಕ್ಷೆ ಮುಗಿಸಿದಳು, ಈಗ ಸೀನಿಯರ್ ಪಾಠ ಶುರುವಾಗಿದೆ. ಮೇಷ್ಟ್ರು ಫುಲ್ ಸೈಜ್ ತಗೊಳ್ಳಿ ಎಂದಿದ್ದಾರೆ. ಯಾವುದು ಸರ್ ಎಂದು ಕೇಳಿದರೆ "ನೀವು ನೋಡಿ, ತಂದು ತೋರಿಸಿ" ಅಂತಾರೆ. ಆನ್‌ಲೈನಿನಲ್ಲಿ ನಾಲ್ಕು ಸಾವಿರಕ್ಕೂ ಇದೆ, ನಲವತ್ತು ಸಾವಿರಕ್ಕೂ ಇದೆ. ಫೋಟೋದಲ್ಲಿ ಎರಡೂ ಒಂದೇ ಥರ ಹೊಳೆಯುತ್ತವೆ. ನಮ್ಮ ಕೈಲಿ ಇಪ್ಪತ್ತು ಸಾವಿರದವರೆಗೆ ಆಗುತ್ತದೆ.

ಇನ್ನೊಂದು ವಿಷಯ. ನನ್ನ ತಮ್ಮ ಗುಬ್ಬಿಯಲ್ಲಿದ್ದಾನೆ, ಸೀನಿಯರ್ ಆದಮೇಲಿನ ವಿದ್ವತ್ ಪರೀಕ್ಷೆಗೆ ಓದುತ್ತಿದ್ದಾನೆ. ಹಬ್ಬದ ಕಚೇರಿಗಳಲ್ಲಿ ಗಂಡಸರ ಹಾಡಿಗೆ ಪಕ್ಕವಾದ್ಯ ನುಡಿಸುತ್ತಾನೆ. ಈಗ ವಯೋಲಾ ಬೇಕು ಎಂದು ಹಟ ಹಿಡಿದಿದ್ದಾನೆ. ಅದು ಬರೀ ದೊಡ್ಡ ಪಿಟೀಲಾ, ಬೇರೆ ವಾದ್ಯವಾ? ಕರ್ನಾಟಕ ಸಂಗೀತಕ್ಕೆ ಆಗುತ್ತದಾ?

ಕ್ಯಾತ್ಸಂದ್ರದವನು

ಮೇಡಂ, ನಾಲ್ಕು ಸಾವಿರದ್ದು ಮಾತ್ರ ಬೇಡ. ನೆಂಟರ ಹುಡುಗನಿಗೆ ತರಿಸಿದ್ದರು. ಪೆಟ್ಟಿಗೆ ತೆಗೆದರೆ ಬ್ರಿಡ್ಜ್ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು) ಬಿದ್ದಿತ್ತು, ಒಳಗೆ ಏನೋ ಕಡ್ಡಿ ಲೊಟಲೊಟ ಅನ್ನುತ್ತಿತ್ತು.

ಚಿಂತಾಮಣಿ ರಿಪೇರಿ

ಆ ಕಡ್ಡಿಯೇ ಸೌಂಡ್ ಪೋಸ್ಟ್ ಅಣ್ಣ. ಅದನ್ನು ಅಂಟು ಹಾಕಿ ನಿಲ್ಲಿಸಿರುವುದಿಲ್ಲ. ಮೇಲಿನ ಹಲಗೆಗೂ ಕೆಳಗಿನ ಹಲಗೆಗೂ ನಡುವೆ ತಂತಿಗಳ ಒತ್ತಡದಿಂದ ನಿಂತಿರುತ್ತದೆ, ಅಷ್ಟೇ. ಕೊರಿಯರ್‌ನಲ್ಲಿ ಕಳಿಸುವಾಗ ತಂತಿ ಸಡಿಲ ಮಾಡಿ, ಬ್ರಿಡ್ಜ್ ಮಲಗಿಸಿ ಕಳಿಸುತ್ತಾರೆ. ದಾರಿಯಲ್ಲಿ ಪೋಸ್ಟ್ ಬೀಳುತ್ತದೆ. ಒಳ್ಳೆ ವಾದ್ಯದಲ್ಲೂ ಹೀಗೆ ಆಗಬಹುದು. ಅದು ನಿಲ್ಲದೆ ತಂತಿ ಬಿಗಿ ಮಾಡಿದರೆ ಮೇಲಿನ ಹಲಗೆ ಕುಸಿಯುತ್ತದೆ, ಅದು ಗೊತ್ತಿರಲಿ.

ಮೇಡಂ, ನಾನು ಚಿಂತಾಮಣಿಯಲ್ಲಿ ತಂತಿವಾದ್ಯ ರಿಪೇರಿ ಮಾಡುತ್ತೇನೆ. ನನ್ನ ಮಾತು ಒಂದೇ. ಇಪ್ಪತ್ತು ಸಾವಿರ ಇದ್ದರೆ ಇಪ್ಪತ್ತನ್ನೂ ವಾದ್ಯಕ್ಕೆ ಸುರಿಯಬೇಡಿ. ಹದಿಮೂರು ಹದಿನಾಲ್ಕಕ್ಕೆ ವಾದ್ಯ ನೋಡಿ. ಉಳಿದ ಹಣದಲ್ಲಿ ಬ್ರಿಡ್ಜ್ ಕೊರೆಸಿ, ಪೋಸ್ಟ್ ಸರಿ ಕೂರಿಸಿ, ತಂತಿ ಬದಲಾಯಿಸಿ, ಸಾಧ್ಯವಾದರೆ ಒಂದು ಒಳ್ಳೆ ಕಮಾನು ತಗೊಳ್ಳಿ. ಕಾರ್ಖಾನೆಯಿಂದ ಬರುವ ಬ್ರಿಡ್ಜ್ ಎಷ್ಟೋ ಸಲ ಅರ್ಧ ಕೊರೆದ ಮರದ ತುಂಡು. ತಂತಿ ಫಿಂಗರ್‌ಬೋರ್ಡಿನಿಂದ (ಬೆರಳು ಒತ್ತುವ ಉದ್ದ ಪಟ್ಟಿ) ಎತ್ತರದಲ್ಲಿ ನಿಂತಿರುತ್ತದೆ. ಮಗು ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳುತ್ತದೆ. ಮನೆಯವರು ಮಗುವಿಗೆ ಆಸಕ್ತಿ ಇಲ್ಲ ಅಂತಾರೆ!

ಅಳತೆ ಬೇಕಾದರೆ: ಫಿಂಗರ್‌ಬೋರ್ಡ್ ಮುಗಿಯುವ ಕಡೆ, ಮರದಿಂದ ತಂತಿಯ ಎತ್ತರ ಸಣ್ಣ ತಂತಿಗೆ 3ರಿಂದ 3.5 ಮಿಲಿಮೀಟರ್, ದಪ್ಪ ತಂತಿಗೆ 5ರ ಆಸುಪಾಸು. ಇದಕ್ಕಿಂತ ತುಂಬಾ ಜಾಸ್ತಿ ಇದ್ದರೆ ಜಾರು, ಗಮಕ ಎಲ್ಲ ಕುಸ್ತಿಯಾಗುತ್ತದೆ.

ಮುಳಬಾಗಿಲು ಹುಡುಗ

ಅಂಗಡಿಯವರು ನಮ್ಮ ಕಣ್ಣೆದುರೇ ಇದನ್ನೆಲ್ಲ ಮಾಡಿಕೊಡುತ್ತಾರಾ? ನಾನು ಹೋದ ಕಡೆ ಸೌಂಡ್ ಪೋಸ್ಟ್ ಎಂದರೆ ನನ್ನ ಮುಖ ನೋಡಿದರು.

ಚಿಂತಾಮಣಿ ರಿಪೇರಿ

ಮುಖ ನೋಡಿದರೆ ಆ ಅಂಗಡಿ ಬಿಟ್ಟು ಬನ್ನಿ ತಮ್ಮ. ಗಿಟಾರ್, ಕೀಬೋರ್ಡ್ ಜೊತೆ ಪಿಟೀಲನ್ನೂ ಮೊಳೆಗೆ ನೇತು ಹಾಕಿ ಮಾರುವವರು ಬೇರೆ, ಪಿಟೀಲನ್ನೇ ನೋಡಿಕೊಳ್ಳುವವರು ಬೇರೆ.

ಪಾಠದ ಮನೆ, ತಿಪಟೂರು

ನಾನು ಮಕ್ಕಳಿಗೆ ಪಾಠ ಹೇಳುವವಳು. ರಿಪೇರಿಯವರು ಹೇಳಿದ್ದು ಸರಿ. ಆದರೆ ಮೊದಲು ಸೈಜ್ ನೋಡಿ. ಹನ್ನೊಂದು ವರ್ಷಕ್ಕೆ ಫುಲ್ ಸೈಜ್ ಎಂದು ವಯಸ್ಸು ನೋಡಿ ನಿರ್ಧಾರ ಮಾಡಬೇಡಿ. ಪಾಶ್ಚಾತ್ಯ ಪದ್ಧತಿಯವರು ಕೈ ಚಾಚಿಸಿ ಕತ್ತಿನಿಂದ ಅಂಗೈ ನಡುವಿನವರೆಗೆ ಅಳೆಯುತ್ತಾರೆ. ಸುಮಾರು 23 ಇಂಚು ಬಂದರೆ ಫುಲ್, 22ರ ಹತ್ತಿರ ಇದ್ದರೆ ಮುಕ್ಕಾಲು. ಅದು ನಿಂತು ನುಡಿಸುವವರ ಲೆಕ್ಕ. ನಮ್ಮದು ಚಕ್ಕಳಮಕ್ಕಳ ಹಾಕಿ, ವಾದ್ಯದ ತಲೆಯನ್ನು ಬಲಗಾಲಿನ ಪಾದದ ಹತ್ತಿರ ಊರಿ, ಇನ್ನೊಂದು ತುದಿಯನ್ನು ಎದೆಗೆ ಆನಿಸಿ ನುಡಿಸುವ ಪದ್ಧತಿ. ಹಾಗಾಗಿ ಟೇಪ್ ಬಿಟ್ಟು ಕೂರಿಸಿ ನೋಡಿ. ಎಡಗೈ ಮೇಲಿನ ಷಡ್ಜಕ್ಕೆ ಹೋಗಿ ವಾಪಸ್ ಬರುವಾಗ ಭುಜ ಎತ್ತುತ್ತಾಳಾ? ಕಿರುಬೆರಳು ಚಾಚಿ ಚಾಚಿ ಸುಸ್ತಾಗುತ್ತಾಳಾ? ಹಾಗಿದ್ದರೆ ಇನ್ನೊಂದಷ್ಟು ದಿನ ಮುಕ್ಕಾಲೇ ಇರಲಿ. "ಬೆಳೆಯುತ್ತಾಳೆ ಬಿಡಿ" ಎಂದು ದೊಡ್ಡದು ಕೊಡಿಸುವುದು ಸ್ಕೂಲ್ ಯೂನಿಫಾರ್ಮ್‌ಗೆ ನಡೆಯುತ್ತದೆ, ಇದಕ್ಕೆ ನಡೆಯುವುದಿಲ್ಲ.

ಇನ್ನು ಮಟ್ಟದ ಮಾತು. ಸರಳೆ, ಜಂಟಿ, ಅಲಂಕಾರ ಎಂಬ ಮೊದಲ ಪಾಠಗಳಲ್ಲಿರುವ ಮಗುವಿಗೆ ದುಬಾರಿ ನಾದ ಬೇಡ. ಶ್ರುತಿಯಲ್ಲಿ ನಿಲ್ಲುವ ಬಿರಡೆ (ತಂತಿ ಬಿಗಿ ಮಾಡುವ ಗೂಟ) ಬೇಕು. ಪಾಠದ ಅರ್ಧ ಸಮಯ ಶ್ರುತಿ ಮಾಡುವುದರಲ್ಲೇ ಹೋದರೆ ಏನು ಪ್ರಯೋಜನ? ಸೀನಿಯರ್‌ಗೆ ಬಂದರೆ ವರ್ಣ ಎರಡು ಕಾಲದಲ್ಲಿ ಬರುತ್ತದೆ, ಕೃತಿಗಳು ಬರುತ್ತವೆ. ಆಗ ನಾಲ್ಕೂ ತಂತಿ ಸಮನಾಗಿ ಮಾತಾಡಬೇಕು. ಒಂದು ತಂತಿ ಕಿರುಚಿ ಇನ್ನೊಂದು ಮುಲುಗಿದರೆ ಮಗು ತನ್ನ ಕಮಾನನ್ನೇ ಅನುಮಾನಿಸುತ್ತದೆ. ವಿದ್ವತ್‌ಗೆ ಬಂದವರಿಗೆ, ಕಚೇರಿಯವರಿಗೆ ಮೆಲ್ಲಗೆ ಎಳೆದರೂ ತುಂಬಿ ಬರುವ ನಾದ ಬೇಕು. ಆ ಹಂತದಲ್ಲಿ ಯಾರ ಸಲಹೆಯೂ ಬೇಡ, ಅವರ ಕಿವಿಯೇ ಹೇಳುತ್ತದೆ.

ಬ್ರ್ಯಾಂಡ್ ಕೇಳಿದರೆ: ನನ್ನ ಮಕ್ಕಳಲ್ಲಿ ಸ್ಟೆಂಟರ್ ಸ್ಟೂಡೆಂಟ್ ಟೂ, ಯಮಹಾ ವಿ ಸರಣಿ ಇಟ್ಟುಕೊಂಡವರಿದ್ದಾರೆ. ಚೆನ್ನಾಗಿಯೇ ಇವೆ. ಆದರೆ ಒಂದೇ ಮಾಡೆಲ್‌ನ ಎರಡು ವಾದ್ಯ ಒಂದೇ ಥರ ನುಡಿಯುವುದಿಲ್ಲ. ಎರಡು ಮೂರು ತೆಗೆಸಿ ನುಡಿಸಿ ನೋಡಿ.

ಎಸ್.ಎಸ್.ಪುರಂ ಅಮ್ಮ

ತುಂಬಾ ಥ್ಯಾಂಕ್ಸ್ ಮೇಡಂ. ಕೂರಿಸಿ ನೋಡಿದೆ. ಮೇಷ್ಟ್ರ ಮನೆಯ ಫುಲ್ ಸೈಜ್ ಅವಳಿಗೆ ಆರಾಮಾಗಿ ಸಿಗುತ್ತದೆ. ಅವಳ ಶ್ರುತಿ ಐದು ಮನೆ, ಅಂದರೆ ಹಾರ್ಮೋನಿಯಂನ ಐದನೇ ಬಿಳಿ ಮನೆ. ಅದಕ್ಕೇನಾದರೂ ಸಂಬಂಧ ಇದೆಯಾ?

ಪಕ್ಕವಾದ್ಯ

ಸಂಬಂಧ ಇದೆಯಾ ಎಂದು ಕೇಳಿದಿರಲ್ಲ ಮೇಡಂ, ಇರುವುದೇ ಅಲ್ಲಿ! ನಿಮ್ಮ ತಮ್ಮನ ವಯೋಲಾ ಪ್ರಶ್ನೆಗೂ ಉತ್ತರ ಅದರಲ್ಲೇ ಇದೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಪಿಟೀಲಿನ ತಂತಿಗಳನ್ನು ತಯಾರಿಸುವುದೇ ಪಾಶ್ಚಾತ್ಯ ಶ್ರುತಿಗೆ. ದಪ್ಪ ತಂತಿಯಿಂದ ಜಿ, ಡಿ, ಎ, ಇ. ನಾವು ಸ-ಪ-ಸ-ಪ ಮಾಡುತ್ತೇವೆ. ಐದು ಮನೆ ಎಂದರೆ ಷಡ್ಜ ಜಿ, ಪಂಚಮ ಡಿ. ಅಂದರೆ ನಿಮ್ಮ ಮಗಳ ಪಿಟೀಲಿನಲ್ಲಿ ದಪ್ಪ ತಂತಿ ಎರಡೂ ಇದ್ದಲ್ಲೇ ಇರುತ್ತವೆ. ಮೇಲಿನ ಎರಡು ಮಾತ್ರ ಒಂದು ಮನೆ ಕೆಳಗೆ ಇಳಿಯುತ್ತವೆ: ಎ ಇದ್ದದ್ದು ಜಿ, ಇ ಇದ್ದದ್ದು ಡಿ. ತಂತಿಯ ಬಿಗಿ ಅಷ್ಟೇನೂ ಕಡಿಮೆ ಆಗುವುದಿಲ್ಲ. ಯಾವ ಒಳ್ಳೆ ಪಿಟೀಲಾದರೂ ಅವಳಿಗೆ ಚೆನ್ನಾಗಿಯೇ ನುಡಿಯುತ್ತದೆ. ಹೆಂಗಸರ ಹಾಡಿನ ಶ್ರುತಿ ಪಿಟೀಲಿಗೆ ತವರುಮನೆ.

ಗಂಡಸರು ಹಾಡುವುದು ಒಂದು ಮನೆ, ಒಂದೂವರೆ, ಎರಡು (ಅರ್ಧ ಎಂದರೆ ನಡುವಿನ ಕಪ್ಪು ಮನೆ). ಒಂದು ಮನೆ ಎಂದರೆ ಷಡ್ಜ ಸಿ, ಪಂಚಮ ಜಿ. ಅದೇ ಪಿಟೀಲಿನ ದಪ್ಪ ತಂತಿಯನ್ನು ಜಿಯಿಂದ ಕೆಳಗಿನ ಸಿಗೆ ಇಳಿಸಬೇಕು. ಪೂರ್ತಿ ಐದು ಸ್ವರ ದೂರ. ಸಣ್ಣ ತಂತಿಗಳು ಇನ್ನೂ ಜಾಸ್ತಿ ಇಳಿಯುತ್ತವೆ. ತಂತಿ ಜೋಲು ಬೀಳುತ್ತದೆ. ಒತ್ತಿ ಎಳೆದರೆ ಶ್ರುತಿ ಓಲಾಡುತ್ತದೆ, ಮೆಲ್ಲಗೆ ಎಳೆದರೆ ನಾದ ಬರುವುದಿಲ್ಲ. ಅದಕ್ಕೇ ಕಚೇರಿಯವರು ದಪ್ಪ ತಂತಿ ಹಾಕುತ್ತಾರೆ. ಗಂಡಸರ ಶ್ರುತಿಗೆ ಒಂದು, ಹೆಂಗಸರ ಶ್ರುತಿಗೆ ಒಂದು ಎಂದು ಎರಡು ಪಿಟೀಲು ಇಟ್ಟುಕೊಂಡವರೂ ಇದ್ದಾರೆ.

ಈಗ ವಯೋಲಾ. ಅದರ ತಂತಿಗಳು ಸಿ, ಜಿ, ಡಿ, ಎ. ಒಂದು ಮನೆ ಶ್ರುತಿಗೆ ಬೇಕಾದ್ದು ಸಿ, ಜಿ, ಸಿ, ಜಿ. ಕೆಳಗಿನ ಎರಡು ಮುಟ್ಟುವುದೇ ಬೇಡ, ಮೇಲಿನ ಎರಡು ಒಂದೊಂದು ಮನೆ ಇಳಿಸಿದರೆ ಆಯಿತು. ಐದು ಮನೆಗೆ ಪಿಟೀಲು ಹೇಗೋ, ಒಂದು ಮನೆಗೆ ವಯೋಲಾ ಹಾಗೆ. ನಿಮ್ಮ ತಮ್ಮ ಹಟ ಹಿಡಿದಿದ್ದರಲ್ಲಿ ಅರ್ಥ ಇದೆ. ಡಾ. ಬಾಲಮುರಳಿಕೃಷ್ಣ ಅವರು ವಯೋಲಾ ನುಡಿಸುತ್ತಿದ್ದರು, ಇದು ಹೊಸ ಹುಚ್ಚೇನೂ ಅಲ್ಲ.

ಮುಳಬಾಗಿಲು ಹುಡುಗ

ಸರ್, ಹಾಗಾದರೆ ಪಿಟೀಲಿಗೇ ವಯೋಲಾ ತಂತಿ ಹಾಕಿದರೆ ಮುಗಿಯಿತಲ್ಲ? ಖರ್ಚೂ ಕಡಿಮೆ.

ಪಕ್ಕವಾದ್ಯ

ಹಾಕುವವರು ಇದ್ದಾರೆ. ಒಂದೂವರೆ, ಎರಡು ಮನೆಗೆ ಪರವಾಗಿಲ್ಲ. ಆದರೆ ಪಿಟೀಲಿನ ಒಡಲು ಚಿಕ್ಕದು, ಸುಮಾರು 14 ಇಂಚು. ಒಳಗಿನ ಗಾಳಿಯೂ ಕಡಿಮೆ. ಕೆಳಗಿನ ಷಡ್ಜ ನುಡಿದಾಗ ಡಬ್ಬಿಯೊಳಗಿಂದ ಬಂದ ಹಾಗೆ ಬರುತ್ತದೆ. ವಯೋಲಾ 15ರಿಂದ 16.5 ಇಂಚಿನವರೆಗೆ ಸಿಗುತ್ತದೆ. ಅದಕ್ಕೆ ಪಿಟೀಲಿನ ಹಾಗೆ ಒಂದೇ ಗೊತ್ತಾದ ಸೈಜ್ ಇಲ್ಲ. ದೊಡ್ಡದಾದಷ್ಟು ಕೆಳಗಿನ ನಾದ ತುಂಬುತ್ತದೆ, ಕೈಗೆ ಮಾತ್ರ ಕಷ್ಟ.

ಚಿಂತಾಮಣಿ ರಿಪೇರಿ

ತಂತಿ ಹಾಕುವ ಮೊದಲು ನನ್ನಂಥವರಿಗೆ ತೋರಿಸಿ. ದಪ್ಪ ತಂತಿ ಬಂದರೆ ಬಿರಡೆ ಕಡೆಯ ನಟ್‌ನಲ್ಲೂ ಬ್ರಿಡ್ಜಿನಲ್ಲೂ ತಂತಿ ಕೂರುವ ಗೀರನ್ನು ಅಗಲ ಮಾಡಬೇಕು. ಇಲ್ಲದಿದ್ದರೆ ಅಲ್ಲೇ ಕಚ್ಚಿ ತಂತಿಯ ಮೇಲಿನ ಸುತ್ತು ಬಿಚ್ಚುತ್ತದೆ.

ಪಾಠದ ಮನೆ, ತಿಪಟೂರು

ಪಕ್ಕವಾದ್ಯದವರು ವಯೋಲಾ ಹೊಗಳಿದರು, ತೊಂದರೆ ನಾನು ಹೇಳುತ್ತೇನೆ. ತಂತಿ ಉದ್ದ, ಹಾಗಾಗಿ ಸ್ವರದಿಂದ ಸ್ವರಕ್ಕೆ ದೂರ ಜಾಸ್ತಿ. ಪಿಟೀಲಿನಲ್ಲಿ ಕಣ್ಣು ಮುಚ್ಚಿ ಹಿಡಿಯುವ ಗಾಂಧಾರ ವಯೋಲಾದಲ್ಲಿ ಕೆಳಗೇ ಉಳಿಯುತ್ತದೆ. ದಪ್ಪ ತಂತಿ ಕಮಾನಿಗೆ ತಡವಾಗಿ ಓಗೊಡುತ್ತದೆ. ನಿಧಾನದ ಆಲಾಪನೆಗೆ ಸೊಗಸು. ಗಾಯಕರು ಮೇಲಿನ ಕಾಲದಲ್ಲಿ ಸ್ವರಪ್ರಸ್ತಾರ ಬಿಟ್ಟರೆ ಹಿಂದೆ ಓಡುವುದು ಕಷ್ಟ. ವಾದ್ಯ ಉದ್ದ ಇರುವುದರಿಂದ ಕಾಲನ್ನೂ ಮುಂದೆ ಚಾಚಬೇಕು. ಎರಡು ಗಂಟೆ ಕೂತರೆ ಸೊಂಟ ಮಾತಾಡುತ್ತದೆ. ವಿದ್ವತ್ ಪರೀಕ್ಷೆಗೆ ಪಿಟೀಲನ್ನೇ ಸಾಧನೆ ಮಾಡಲಿ. ಪರೀಕ್ಷೆ ಮುಗಿದ ಮೇಲೆ ವಯೋಲಾ ಎಂದು ನನ್ನ ಅಭಿಪ್ರಾಯ.

ಪಕ್ಕವಾದ್ಯ

ಒಪ್ಪುವುದಿಲ್ಲ ಮೇಡಂ. ಒಂದಷ್ಟು ದಿನ ಕೂತರೆ ಬೆರಳು ಹೊಸ ದೂರಕ್ಕೆ ಒಗ್ಗುತ್ತದೆ. ಓಡುವ ವಿಷಯ ಮಾತ್ರ ನಿಜ. ನಾನು 15.5 ಇಂಚಿನದನ್ನೇ ಇಟ್ಟುಕೊಂಡಿದ್ದೇನೆ, ಅದಕ್ಕೂ ಕಾರಣ ಇದೇ.

ಕೆಜಿಎಫ್ ಕ್ವಾಯರ್

ಇಲ್ಲಿ ಎಲ್ಲರೂ ಕೂತು ನುಡಿಸುವವರೇ ಇದ್ದೀರಿ, ನಾನೊಬ್ಬ ನಿಂತು ನುಡಿಸುವವನು. ಚರ್ಚ್‌ನಲ್ಲಿ ನುಡಿಸುತ್ತೇನೆ. ನಮ್ಮ ಕಡೆಯ ಮಕ್ಕಳಿಗೆ ಕೊಳ್ಳುವವರು ಚಿನ್‌ರೆಸ್ಟ್, ಶೋಲ್ಡರ್ ರೆಸ್ಟ್ ಕತ್ತಿಗೆ ಸರಿಯಾಗಿ ಕೂರುತ್ತದಾ ನೋಡಿ. ನಿಮಗೆ ಅದರ ಅಗತ್ಯ ಕಡಿಮೆ.

ನನ್ನ ಪ್ರಶ್ನೆ ಬೇರೆ. ತಾತ ಗಣಿಯಲ್ಲಿ ಕೆಲಸ ಮಾಡುತ್ತಿದ್ದರು. 2001ರಲ್ಲಿ ಗಣಿ ಮುಚ್ಚಿದಾಗ ಕ್ವಾರ್ಟರ್ಸಿನ ಪಕ್ಕದ ಮನೆಯವರು ಊರು ಬಿಡುವಾಗ ಒಂದು ಹಳೆ ವಯೊಲಿನ್ ಕೊಟ್ಟು ಹೋದರಂತೆ. ಒಳಗೆ ಚೀಟಿಯಲ್ಲಿ ಸ್ಟ್ರಾಡಿವೇರಿಯಸ್ ಎಂದಿದೆ! ಮನೆಯಲ್ಲಿ ಎಲ್ಲರೂ ಕೋಟಿ ಲೆಕ್ಕ ಹಾಕುತ್ತಿದ್ದಾರೆ. ನಗಬೇಡಿ.

ಚಿಂತಾಮಣಿ ರಿಪೇರಿ

ನಗುವುದಿಲ್ಲ ಸರ್, ಇಂಥ ಚೀಟಿ ಇರುವ ವಾದ್ಯ ನನ್ನ ಹತ್ತಿರ ಬರುತ್ತಲೇ ಇರುತ್ತವೆ. ಸ್ಟ್ರಾಡಿವೇರಿ ಇಟಲಿಯ ಕ್ರೆಮೋನಾದವನು, 1737ರಲ್ಲಿ ತೀರಿಕೊಂಡ. ಆಮೇಲೆ ಜರ್ಮನಿ, ಫ್ರಾನ್ಸ್ ಕಡೆಯ ಕಾರ್ಖಾನೆಗಳು ಅವನ ಮಾದರಿಯಲ್ಲಿ ರಾಶಿ ರಾಶಿ ವಾದ್ಯ ಮಾಡಿ, ಒಳಗೆ ಅವನ ಹೆಸರಿನ ಚೀಟಿ ಅಂಟಿಸಿದವು. ಚೀಟಿ ಎಂದರೆ "ಇವನ ಮಾದರಿ" ಎಂದಷ್ಟೇ ಅರ್ಥ. ಚೀಟಿಯಲ್ಲಿ "ಮೇಡ್ ಇನ್ ಜರ್ಮನಿ" ಎಂದೂ ಇದೆಯಾ ನೋಡಿ. ಬ್ರಿಟಿಷರು 1887ರಲ್ಲಿ ಕಾಯ್ದೆ ತಂದ ಮೇಲೆ ಅಲ್ಲಿಗೆ ಬರುವ ಮಾಲಿನ ಮೇಲೆ ದೇಶದ ಹೆಸರು ಬರೆಯುವುದು ಶುರುವಾಯಿತು. ಹಾಗೆ ಇದ್ದರೆ ಸಾಮಾನ್ಯವಾಗಿ ಅದಾದ ಮೇಲಿನ ವಾದ್ಯ.

ಆದರೆ ಬೇಜಾರು ಬೇಡ. ಆ ಕಾಲದ ಜರ್ಮನ್ ಕಾರ್ಖಾನೆ ಪಿಟೀಲುಗಳಲ್ಲಿ ಎಷ್ಟೋ ಚೆನ್ನಾಗಿವೆ. ಮರ ಹಳೆಯದು. ಮುಟ್ಟುವ ಮೊದಲು ಒಂದು ವಿಷಯ ನೋಡಿ: ಮೇಲಿನ ಹಲಗೆಯಲ್ಲಿ ಬ್ರಿಡ್ಜಿನ ಸಣ್ಣ ತಂತಿಯ ಕಾಲಿನ ಹತ್ತಿರ ಬಿರುಕು ಇದೆಯಾ? ಅಲ್ಲಿ ಕೆಳಗೆ ಸೌಂಡ್ ಪೋಸ್ಟ್ ಇರುತ್ತದೆ. ಅಲ್ಲಿ ಬಿರುಕು ಬಿದ್ದರೆ ರಿಪೇರಿ ದೊಡ್ಡದು, ವಾದ್ಯದ ಬೆಲೆಗಿಂತ ಜಾಸ್ತಿಯೂ ಆಗಬಹುದು. ಅಂಚಿನಲ್ಲಿ ಬಿಟ್ಟುಕೊಂಡಿದ್ದರೆ ಏನೂ ಅಲ್ಲ, ಬಿಸಿ ಅಂಟು ಹಾಕಿ ಕೂರಿಸಿದರೆ ಆಯಿತು. ಬೆರಳ ಗೆಣ್ಣಿನಿಂದ ಸುತ್ತ ತಟ್ಟಿ ನೋಡಿ, ಬಿಟ್ಟ ಕಡೆ ಜರಜರ ಸದ್ದು ಬರುತ್ತದೆ. ಮನೆಯಲ್ಲಿರುವ ಬಿಳಿ ಅಂಟು ಮಾತ್ರ ಹಾಕಬೇಡಿ. ಮತ್ತೆ ಬಿಚ್ಚಬೇಕಾದರೆ ಮರವೇ ಕಿತ್ತು ಬರುತ್ತದೆ.

ಕೆಜಿಎಫ್ ಕ್ವಾಯರ್

ಮೇಡ್ ಇನ್ ಜರ್ಮನಿ ಇದೆ ಸರ್. ಮನೆಯವರಿಗೆ ನಾಳೆ ಹೇಳುತ್ತೇನೆ, ಇವತ್ತು ಖುಷಿಯಾಗಿರಲಿ.

ಎಸ್.ಎಸ್.ಪುರಂ ಅಮ್ಮ

ರಿಪೇರಿ ಸರ್, ಭಾನುವಾರ ಬೆಂಗಳೂರಿಗೆ ಹೋಗುತ್ತಿದ್ದೇವೆ. ಮೇಷ್ಟ್ರು ಬರಲು ಆಗುವುದಿಲ್ಲ. ನಮ್ಮಂಥವರು ಅಂಗಡಿಯಲ್ಲಿ ನಿಂತು ಏನು ನೋಡಬೇಕು?

ಚಿಂತಾಮಣಿ ರಿಪೇರಿ

ಮೊದಲು ಕಣ್ಣಿನ ಕೆಲಸ. ಮೇಲಿನ ಹಲಗೆ ಸ್ಪ್ರೂಸ್ ಇರಬೇಕು. ಗೆರೆಗಳು ನೇರವಾಗಿ, ಒತ್ತಾಗಿ ಇರುತ್ತವೆ. ಹಿಂದಿನ ಹಲಗೆ ಮೇಪಲ್. ಅದರಲ್ಲಿ ಹುಲಿಪಟ್ಟೆ ಇದ್ದರೆ ಚೆಂದ, ಇಲ್ಲದಿದ್ದರೂ ನಾದಕ್ಕೆ ನಷ್ಟ ಇಲ್ಲ. ಪಟ್ಟೆಗೆ ದುಡ್ಡು ಕೊಡಬೇಡಿ. ಅಂಚಿನಲ್ಲಿ ಸುತ್ತಲೂ ಕಪ್ಪು ಗೆರೆ ಇರುತ್ತದೆ. ಒಳ್ಳೆಯದರಲ್ಲಿ ಅದು ಕೊರೆದು ಕೂರಿಸಿದ ಮರದ ಪಟ್ಟಿ, ಅಗ್ಗದ್ದರಲ್ಲಿ ಬರೀ ಬಣ್ಣ. ಮರದ ಪಟ್ಟಿಯಾದರೆ ಉಗುರಿಗೆ ಗೊತ್ತಾಗುತ್ತದೆ. ಅಂಚಿನಿಂದ ಓಡುವ ಬಿರುಕನ್ನು ಆ ಪಟ್ಟಿ ತಡೆಯುತ್ತದೆ.

ಫಿಂಗರ್‌ಬೋರ್ಡ್ ಎಬೊನಿ ಆಗಿರಬೇಕು, ಇದು ನಮ್ಮವರಿಗೆ ತುಂಬಾ ಮುಖ್ಯ. ಯಾಕೆಂದರೆ ನಾವು ಬೆರಳಿಗೆ ಎಣ್ಣೆ ಸವರಿ ಜಾರಿಸುತ್ತೇವೆ. ಬೇರೆ ಮರಕ್ಕೆ ಕಪ್ಪು ಬಣ್ಣ ಹೊಡೆದಿದ್ದರೆ ಬಣ್ಣ ಹೋಗಿ ಗುಳಿ ಬೀಳುತ್ತದೆ. ಫಿಂಗರ್‌ಬೋರ್ಡಿನ ಅಡಿ, ಅಂಗಡಿಯವರು ಪಾಲಿಶ್ ಮಾಡದ ಜಾಗ ನೋಡಿ. ಅಲ್ಲಿ ಮರದ ಬಣ್ಣ ಬಿಳಿಚಿದ್ದರೆ ಅಷ್ಟೇ.

ಬಿರಡೆ ತಿರುಗಿಸಿ. ಹಿತವಾಗಿ ತಿರುಗಿ ಬಿಟ್ಟ ಕಡೆ ನಿಲ್ಲಬೇಕು. ಟಕ್ ಟಕ್ ಎಂದು ನೆಗೆದರೆ ಕೂರಿಸಿರುವುದು ಸರಿ ಇಲ್ಲ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ನಮ್ಮ ಮೂರೂ ಜಿಲ್ಲೆಯ ಬೇಸಿಗೆ ಒಣ. ಏಪ್ರಿಲ್‌ನಲ್ಲಿ ಮರ ಕುಗ್ಗಿ ಬಿರಡೆ ತಾನಾಗೇ ಜಾರುತ್ತದೆ, ಮಳೆಗಾಲದಲ್ಲಿ ಉಬ್ಬಿ ಕಚ್ಚುತ್ತದೆ. ಸ್ವಲ್ಪ ಏರುಪೇರು ಸಹಜ.

ಬ್ರಿಡ್ಜ್ ಎಫ್ ಆಕಾರದ ಎರಡು ತೂತುಗಳ ಒಳಗಿನ ಸಣ್ಣ ಗೀಟಿನ ನೇರಕ್ಕೆ ನಿಂತಿರಲಿ. ಕತ್ತಿನ ಕಡೆ ವಾಲಿರಬಾರದು. ಕಮಾನು ಬಿಗಿ ಮಾಡಿ ಕಡ್ಡಿಯ ನೇರಕ್ಕೆ ಒಂದು ಕಣ್ಣು ಮುಚ್ಚಿ ನೋಡಿ, ಪಕ್ಕಕ್ಕೆ ಬಾಗಿದ್ದರೆ ಬೇಡ.

ಆಮೇಲೆ ಕಿವಿಯ ಕೆಲಸ. ನುಡಿಸುವುದು ಮಗಳೇ. ನೀವು ಅಂಗಡಿಯ ಇನ್ನೊಂದು ಮೂಲೆಗೆ ಹೋಗಿ ನಿಂತು ಕೇಳಿ. ಕಿವಿ ಪಕ್ಕ ಜೋರಾಗಿರುವುದು ದೂರಕ್ಕೆ ಹೋಗದೆ ಇರಬಹುದು. ಚೌಡಯ್ಯನವರು ಮೈಕ್ ಇಲ್ಲದ ಕಾಲದಲ್ಲಿ ಸಭೆಯ ಕೊನೆಗೂ ಕೇಳಲಿ ಎಂದು ಏಳು ತಂತಿ ಪಿಟೀಲು ಮಾಡಿಕೊಂಡರು. ನಿಮ್ಮ ಮಗಳಿಗೆ ನಾಲ್ಕು ಸಾಕು, ಆದರೆ ನಾಲ್ಕೂ ಮೂಲೆಗೆ ಕೇಳಬೇಕು. ಮುಖ್ಯವಾಗಿ ಐದು ಮನೆಗೆ ಶ್ರುತಿ ಮಾಡಿಸಿಯೇ ಕೇಳಿ. ಅಂಗಡಿಯ ಶ್ರುತಿಯಲ್ಲಿ ಚೆನ್ನಾಗಿದ್ದದ್ದು ನಮ್ಮ ಶ್ರುತಿಗೆ ಬಂದರೆ ಬೇರೆ ಥರ ಇರಬಹುದು.

ಕ್ಯಾತ್ಸಂದ್ರದವನು

ಇಷ್ಟು ನೋಡಿದರೆ ಅಂಗಡಿಯವನು ಓಡಿಸುತ್ತಾನೆ ಸರ್ 😄

ಪಾಠದ ಮನೆ, ತಿಪಟೂರು

ಓಡಿಸಿದರೆ ಒಳ್ಳೆಯದೇ ಆಯಿತು, ದುಡ್ಡು ಉಳಿಯಿತು.

ಎಸ್.ಎಸ್.ಪುರಂ ಅಮ್ಮ

ಹೋಗಿ ಬಂದೆವು. ಮೊದಲನೇ ಅಂಗಡಿಯಲ್ಲಿ ಶ್ರುತಿ ಇಳಿಸಲು ಒಪ್ಪಲಿಲ್ಲ, "ತಂತಿ ಹಾಳಾಗುತ್ತದೆ" ಎಂದರು. ಎರಡನೆಯದರಲ್ಲಿ ಒಬ್ಬರು ವಯಸ್ಸಾದವರಿದ್ದರು. ಐದು ಮನೆ ಎಂದ ತಕ್ಷಣ ತಾವೇ ಶ್ರುತಿ ಮಾಡಿಕೊಟ್ಟರು. ಮೂರು ತೆಗೆಸಿ ನೋಡಿದೆವು. ಹದಿನೆಂಟು ಸಾವಿರದ್ದು ಹತ್ತಿರದಿಂದ ಜೋರು. ಮೂಲೆಯಲ್ಲಿ ನಿಂತರೆ ಹದಿನಾಲ್ಕರದ್ದೇ ಚೆನ್ನಾಗಿ ಕೇಳಿತು. ನನ್ನ ಗಂಡ ನಂಬಲಿಲ್ಲ, ಅವರೂ ಹೋಗಿ ನಿಂತು ಕೇಳಿದರು. ಹದಿನಾಲ್ಕರದ್ದನ್ನೇ ತಗೊಂಡೆವು. ಬ್ರಿಡ್ಜ್ ಇಳಿಸಿಕೊಟ್ಟರು. ಕಮಾನು ಬೇರೆ ತಗೊಂಡೆವು, ಕಾರ್ಬನ್ ಫೈಬರ್‌ನದು. ಮೇಷ್ಟ್ರು ನೋಡಿ "ಪರವಾಗಿಲ್ಲ" ಎಂದರು. ಅವರ ಬಾಯಲ್ಲಿ ಅದು ದೊಡ್ಡ ಮಾತು.

ತಂತಿ ಇನ್ನೂ ಬದಲಾಯಿಸಿಲ್ಲ. ಯಾವುದು ಹಾಕಿಸಲಿ?

ಪಕ್ಕವಾದ್ಯ

ಸ್ಟೀಲ್ ತಂತಿ ಗಟ್ಟಿ, ಬೆಲೆ ಕಡಿಮೆ, ಬೇಗ ಶ್ರುತಿಗೆ ನಿಲ್ಲುತ್ತದೆ. ಡಿ'ಅಡಾರಿಯೋ ಪ್ರೆಲ್ಯೂಡ್ ಈ ಜಾತಿಯದು. ಸಿಂಥೆಟಿಕ್ ತಿರುಳಿನದು ಮೆದು, ನಾದ ತುಂಬು, ಬೆಲೆ ಜಾಸ್ತಿ. ಥಾಮಸ್ಟಿಕ್ ಡಾಮಿನೆಂಟ್ ಅಂಥದ್ದು. ಐದು ಮನೆಗೆ ಎರಡೂ ನಡೆಯುತ್ತವೆ. ಮಗು ಎಣ್ಣೆ ಜಾಸ್ತಿ ಹಾಕುತ್ತಾಳೆ ಎಂದರೆ ಈಗ ಸ್ಟೀಲೇ ಇರಲಿ. ಸ್ಟೀಲ್‌ಗೆ ನಾಲ್ಕಕ್ಕೂ ಫೈನ್ ಟ್ಯೂನರ್ (ಶ್ರುತಿ ಚೂರೇ ಚೂರು ಬದಲಿಸುವ ಸಣ್ಣ ತಿರುಪು) ಇದ್ದರೆ ಒಳ್ಳೆಯದು, ಬಿರಡೆಯಲ್ಲಿ ಸೂಕ್ಷ್ಮ ಸಿಗುವುದಿಲ್ಲ.

ಕೆಜಿಎಫ್ ಕ್ವಾಯರ್

ನಾವು ಇ ತಂತಿಗೆ ಮಾತ್ರ ಹಾಕುತ್ತೇವೆ. ನಾಲ್ಕು ಹಾಕಿದರೆ ಟೇಲ್‌ಪೀಸ್ (ತಂತಿಗಳ ಕೆಳತುದಿ ಸಿಕ್ಕಿಸುವ ಭಾಗ) ಭಾರವಾಗಿ ನಾದ ಕಟ್ಟುತ್ತದೆ ಅಂತಾರೆ.

ಚಿಂತಾಮಣಿ ರಿಪೇರಿ

ಬಿಡಿ ಬಿಡಿಯಾಗಿ ನಾಲ್ಕು ಕಬ್ಬಿಣದ್ದು ಸಿಕ್ಕಿಸಿದರೆ ನಿಜ. ಟೇಲ್‌ಪೀಸಿನಲ್ಲೇ ಟ್ಯೂನರ್ ಸೇರಿರುವ ಹಗುರದ್ದು ಸಿಗುತ್ತದೆ, ಅದನ್ನು ಹಾಕಿಸಿ ಮೇಡಂ. ತಂತಿ ಬದಲಾಯಿಸುವಾಗ ಒಂದು ತೆಗೆದು ಅದನ್ನು ಹಾಕಿ ಬಿಗಿ ಮಾಡಿ, ಆಮೇಲೆ ಇನ್ನೊಂದು. ನಾಲ್ಕನ್ನೂ ಒಟ್ಟಿಗೆ ಬಿಚ್ಚಿದರೆ ಸೌಂಡ್ ಪೋಸ್ಟ್ ಬಿದ್ದು ನನಗೆ ಕೆಲಸ ಸಿಗುತ್ತದೆ.

ಗುಬ್ಬಿ ತಮ್ಮ

ಅಕ್ಕ ಲಿಂಕ್ ಕಳಿಸಿದಳು, ಈಗ ಓದಿದೆ. ಹಟ ಹಿಡಿದಿದ್ದಾನೆ ಎಂದು ಊರಿಗೆಲ್ಲ ಹೇಳಿದ್ದಾಳೆ 🙏 ಪಕ್ಕವಾದ್ಯ ಸರ್, ನಾನು ಕೂರುವುದು ಹೆಚ್ಚಾಗಿ ಒಂದೂವರೆ ಮನೆಗೆ. ವಯೋಲಾ ತಗೊಂಡರೆ ಪಿಟೀಲಿನ ಕಮಾನಿನಲ್ಲೇ ನುಡಿಸಬಹುದಾ? ಎರಡಕ್ಕೂ ದುಡ್ಡು ಇಲ್ಲ.

ಪಕ್ಕವಾದ್ಯ

ಶುರುವಿಗೆ ನುಡಿಸಬಹುದು ತಮ್ಮ. ಪಿಟೀಲಿನ ಕಮಾನು 60 ಗ್ರಾಂ ಆಸುಪಾಸು, ವಯೋಲಾದ್ದು 70ರ ಹತ್ತಿರ. ಹಗುರದ್ದರಲ್ಲಿ ಕೆಳಗಿನ ಷಡ್ಜ ಏಳಲು ಸ್ವಲ್ಪ ತಕರಾರು ಮಾಡುತ್ತದೆ, ಮೇಲಿನ ಮೂರು ತಂತಿ ನಡೆಯುತ್ತವೆ. ಒಂದೂವರೆ ಮನೆಗೆ ವಯೋಲಾದ ಕೆಳಗಿನ ಎರಡು ತಂತಿಯನ್ನು ಅರ್ಧ ಮನೆ ಏರಿಸಬೇಕಾಗುತ್ತದೆ, ತಡೆಯುತ್ತದೆ. ಎರಡೂವರೆಗೆ ಏರಿಸಲು ಹೋಗಬೇಡ.

ಕೊಳ್ಳುವ ಮೊದಲು ಒಂದು ಸಲ ನನ್ನದನ್ನು ನುಡಿಸಿ ನೋಡು. ಮುಂದಿನ ತಿಂಗಳು ತುಮಕೂರಿನಲ್ಲಿ ಕಚೇರಿ ಇದೆ, ಮೆಸೇಜ್ ಹಾಕು. ನಿನ್ನ ಪಿಟೀಲನ್ನೂ ತಗೊಂಡು ಬಾ, ಎರಡನ್ನೂ ಒಂದೇ ಶ್ರುತಿಗೆ ಹಾಕಿ ಕೇಳೋಣ.

ಗುಬ್ಬಿ ತಮ್ಮ

ಬರುತ್ತೇನೆ ಸರ್. ಮೆಸೇಜ್ ಹಾಕಿದ್ದೇನೆ, ನೋಡಿ.